ಮಿಸಿಸಿಪ್ಪಿಯ ಮೂರನೇ ತರಗತಿ: ಓದಿನ ಕಾನೂನು ಬಂದ ದಾರಿ, ನಿಂತ ಬಗೆ

ಅಮೆರಿಕದ ದಕ್ಷಿಣದಲ್ಲಿರುವ ಮಿಸಿಸಿಪ್ಪಿ ಆ ದೇಶದ ತೀರಾ ಬಡ ರಾಜ್ಯಗಳಲ್ಲೊಂದು. ಎಲ್ಲ ರಾಜ್ಯಗಳ ಮಕ್ಕಳನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯುವ ರಾಷ್ಟ್ರೀಯ ಕಲಿಕಾ ಸಮೀಕ್ಷೆ ಅಲ್ಲಿದೆ. ಅದನ್ನು ನೇಪ್ ಎನ್ನುತ್ತಾರೆ. 2013ರ ನೇಪ್‌ನಲ್ಲಿ ಮಿಸಿಸಿಪ್ಪಿಯ ನಾಲ್ಕನೇ ತರಗತಿ ಮಕ್ಕಳ ಓದಿನ ಸರಾಸರಿ 500ಕ್ಕೆ 209. ದೇಶದ ಸರಾಸರಿ 221. 50 ರಾಜ್ಯಗಳಲ್ಲಿ 49ನೇ ಸ್ಥಾನ. ಆರು ವರ್ಷ ಕಳೆದು 2019ಕ್ಕೆ ಬಂದರೆ ಎರಡೂ 219, ಸಮ. 2024ರಲ್ಲಿ ದೇಶದ ಸರಾಸರಿ 214ಕ್ಕೆ ಜಾರಿತು. ಮಿಸಿಸಿಪ್ಪಿ 219ರಲ್ಲೇ ನಿಂತು 9ನೇ ಸ್ಥಾನಕ್ಕೆ ಏರಿತು. ಓದಿನಲ್ಲಿ ನೇಪ್‌ನ "ಪ್ರವೀಣ" ಮಟ್ಟ ಮುಟ್ಟಿದ ಮಕ್ಕಳ ಪ್ರಮಾಣ ಈ ಅವಧಿಯಲ್ಲಿ ಶೇ. 21ರಿಂದ ಶೇ. 32ಕ್ಕೆ ಹೋಯಿತು.

ಪತ್ರಿಕೆಗಳು ಇದನ್ನು ಪವಾಡ ಎಂದವು. ಆ ಮಾತಿನಿಂದ ನಷ್ಟವೇ ಹೆಚ್ಚು. ಪವಾಡ ಅಂದ ಕೂಡಲೇ ಅದರ ಹಿಂದಿನ ಮೂವತ್ತು ವರ್ಷಗಳ ಹಕ್ಕೊತ್ತಾಯ, ಸೋತ ಮಸೂದೆಗಳು, ಬಜೆಟ್ಟಿನ ಒಂದೊಂದು ಸಾಲಿಗಾಗಿ ನಡೆದ ಗುದ್ದಾಟ ಎಲ್ಲ ಮರೆಯಾಗುತ್ತವೆ. ಉಳಿಯುವುದು "ಓದಲು ಬಾರದ ಮಕ್ಕಳನ್ನು ಮೂರನೇ ತರಗತಿಯಲ್ಲಿ ಫೇಲು ಮಾಡಿದರು, ಫಲಿತಾಂಶ ಬಂತು" ಎಂಬ ಒಂದೇ ವಾಕ್ಯ. ಆ ವಾಕ್ಯವನ್ನಷ್ಟೇ ನಂಬಿ ಕಾನೂನು ಮಾಡಹೊರಟವರು ಮಕ್ಕಳಿಗೆ ಅನ್ಯಾಯ ಮಾಡುತ್ತಾರೆ. ಮಿಸಿಸಿಪ್ಪಿ 2013ರಲ್ಲಿ ತಂದ ಓದಿನ ಕಾನೂನಿನಲ್ಲಿ ಮಗುವಿನ ಮೇಲೆ ಹೇರಿದ ಷರತ್ತು ಒಂದು. ದೊಡ್ಡವರ ಮೇಲೆ, ಅಂದರೆ ಶಿಕ್ಷಕರು, ಶಿಕ್ಷಕರ ಕಾಲೇಜುಗಳು, ಇಲಾಖೆ, ಖಜಾನೆ ಇವರೆಲ್ಲರ ಮೇಲೆ ಹೇರಿದ ಷರತ್ತುಗಳು ಹಲವು.

ಮೊದಲ ಸುತ್ತು: 1982

ಐದು ವರ್ಷದ ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲಿ ಕಿಂಡರ್‌ಗಾರ್ಟನ್ ತೆರೆಯಬೇಕು ಎಂಬ ಬೇಡಿಕೆಗೆ ಮಿಸಿಸಿಪ್ಪಿಯ ಶಾಸನಸಭೆ ವರ್ಷಗಟ್ಟಲೆ ಸೊಪ್ಪು ಹಾಕಿರಲಿಲ್ಲ. 1982ರ ಫೆಬ್ರವರಿಯಲ್ಲಿ ಮಸೂದೆ ಮತಕ್ಕೆ ಬರಬೇಕಿದ್ದ ಕಡೆಯ ದಿನ, ಸದಸ್ಯರು ಮತ ಎಣಿಸಿ ಎಂದು ಕೂಗುತ್ತಿದ್ದಂತೆಯೇ ಸಭಾಧ್ಯಕ್ಷ ಬಡ್ಡಿ ನ್ಯೂಮನ್ ಸದನವನ್ನು ಮುಂದೂಡಿ ಎದ್ದು ಹೋದರು. ಮಸೂದೆ ಸತ್ತಿತು. ಆದರೆ ಅದು ಸತ್ತ ರೀತಿಯನ್ನು ರಾಷ್ಟ್ರೀಯ ಟಿವಿ ವಾಹಿನಿಯೊಂದು ದೇಶಕ್ಕೆಲ್ಲ ತೋರಿಸಿತು. ಗವರ್ನರ್ ವಿಲಿಯಂ ವಿಂಟರ್ ಅವರ ತಂಡ ಆ ಸಿಟ್ಟನ್ನು ಆರಲು ಬಿಡಲಿಲ್ಲ. (ಅಮೆರಿಕದಲ್ಲಿ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ, ಚುನಾಯಿತ ಆಡಳಿತಗಾರ.) ರಾಜ್ಯದ ಉದ್ದಗಲಕ್ಕೂ ಜನಸಭೆಗಳನ್ನು ನಡೆಸಿದರು, ಗವರ್ನರ್ ಪತ್ನಿ ಎಲಿಸ್ ವಿಂಟರ್ ಕೂಡ ಊರೂರು ತಿರುಗಿ ಮಾತನಾಡಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ವಿಶೇಷ ಅಧಿವೇಶನ ಕರೆದು ಶಿಕ್ಷಣ ಸುಧಾರಣಾ ಕಾಯ್ದೆಯನ್ನು ಪಾಸು ಮಾಡಿಸಿಕೊಂಡರು.

1986ರಲ್ಲಿ ಕಿಂಡರ್‌ಗಾರ್ಟನ್‌ಗಳು ತೆರೆದವು. ಕೋಣೆ ಬಂತು, ಶಿಕ್ಷಕಿ ಬಂದರು, ಮಕ್ಕಳು ಬಂದರು, ಓದು ಬರಲಿಲ್ಲ. 1992ರ ನೇಪ್‌ನಲ್ಲಿ ರಾಜ್ಯದ ಸರಾಸರಿ 199. ಮಗುವನ್ನು ಶಾಲೆಗೆ ತರುವುದು ಒಂದು ಹೋರಾಟ, ಬಂದ ಮಗುವಿಗೆ ಓದು ಕಲಿಸುವುದು ಇನ್ನೊಂದು ಹೋರಾಟ ಎಂಬುದು ಅಲ್ಲಿನವರಿಗೆ ಅರ್ಥವಾಗಲು ಇನ್ನೂ ಹತ್ತು ವರ್ಷ ಹಿಡಿಯಿತು.

ಇಪ್ಪತ್ತು ನಿಮಿಷ

2000ದ ಜನವರಿಯಲ್ಲಿ ನೆಟ್‌ಸ್ಕೇಪ್ ಕಂಪನಿಯ ಮುಖ್ಯಸ್ಥರಾಗಿದ್ದ ಮಿಸಿಸಿಪ್ಪಿ ಮೂಲದ ಜಿಮ್ ಬಾರ್ಕ್ಸ್‌ಡೇಲ್ ಮತ್ತು ಅವರ ಪತ್ನಿ ಸ್ಯಾಲಿ 10 ಕೋಟಿ ಡಾಲರ್ ಕೊಟ್ಟು ಓದಿಗಾಗಿಯೇ ಒಂದು ಸಂಸ್ಥೆಯನ್ನು ಕಟ್ಟಿಸಿದರು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಓದು ಸಮಿತಿಯ ವರದಿಯೂ ಹೊರಬಂದಿತ್ತು. ಮಾತಿನೊಳಗಿನ ಧ್ವನಿಗಳನ್ನು ಬಿಡಿಸಿ ಕೇಳುವುದು, ಧ್ವನಿಗೂ ಅಕ್ಷರಕ್ಕೂ ಇರುವ ನಂಟನ್ನು ಕ್ರಮವಾಗಿ ಕಲಿಯುವುದು, ಸರಾಗವಾಗಿ ಓದುವುದು, ಪದಸಂಪತ್ತು, ಅರ್ಥಗ್ರಹಣ ಎಂಬ ಐದನ್ನೂ ಕಲಿಸಿಯೇ ಕಲಿಸಬೇಕು ಎಂದು ಆ ವರದಿ ಹೇಳಿತ್ತು. ಆದರೆ ಬಹುಪಾಲು ತರಗತಿಗಳಲ್ಲಿ ನಡೆಯುತ್ತಿದ್ದದ್ದು ಬೇರೆ. ಗೊತ್ತಿಲ್ಲದ ಪದ ಎದುರಾದರೆ ಚಿತ್ರ ನೋಡು, ಮೊದಲ ಅಕ್ಷರ ನೋಡು, ಸಂದರ್ಭ ನೋಡಿ ಊಹಿಸು ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಮನೆಯಲ್ಲಿ ಪುಸ್ತಕ, ಮಾತು ಎರಡೂ ಧಾರಾಳವಾಗಿರುವ ಮಗು ಹೇಗೋ ಪಾರಾಗುತ್ತದೆ. ಇಲ್ಲದ ಮಗು ಮೂರನೇ ತರಗತಿಯವರೆಗೂ ಊಹಿಸುತ್ತಲೇ ಇರುತ್ತದೆ. ಚಿತ್ರಗಳಿಲ್ಲದ ಪಾಠಪುಸ್ತಕ ಬಂದ ದಿನ ಆ ಮಗುವಿನ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಹೊಸ ಶಿಕ್ಷಕರು ಕಾಲೇಜಿನಿಂದ ಏನನ್ನು ಕಲಿತು ಬರುತ್ತಿದ್ದಾರೆ ಎಂದು ಬಾರ್ಕ್ಸ್‌ಡೇಲ್ ಸಂಸ್ಥೆ ಹುಡುಕಿತು. ರಾಜ್ಯದ 8 ಸರ್ಕಾರಿ ವಿಶ್ವವಿದ್ಯಾಲಯಗಳ ಪಠ್ಯಕ್ರಮ, ಪುಸ್ತಕಗಳನ್ನು ಓದಿ, ತರಗತಿಯಲ್ಲಿ ಕುಳಿತು, ಡೀನ್‌ಗಳನ್ನು ಮಾತನಾಡಿಸಿ 2003ರಲ್ಲಿ ವರದಿ ಕೊಟ್ಟಿತು. ಧ್ವನಿ-ಅಕ್ಷರ ಬೋಧನೆಯ ಬಗ್ಗೆ ಕೆಲವು ಶಿಕ್ಷಣ ವಿದ್ಯಾರ್ಥಿಗಳಿಗೆ ಎರಡು ವರ್ಷಗಳ ತರಬೇತಿಯಲ್ಲಿ ಸಿಗುತ್ತಿದ್ದ ಪಾಠ ಒಟ್ಟು 20 ನಿಮಿಷದಷ್ಟು ಮಾತ್ರ ಇರಬಹುದು ಎಂದು ಗೊತ್ತಾಯಿತು.

ಈ 20 ನಿಮಿಷದ ಮಾತು ಎಷ್ಟು ಕೆಲಸ ಮಾಡಿತು ಎಂಬುದನ್ನು ಹಕ್ಕೊತ್ತಾಯದಲ್ಲಿ ತೊಡಗಿದವರು ಗಮನಿಸಬೇಕು. "ಶಿಕ್ಷಕರ ತರಬೇತಿ ಕಳಪೆ" ಎಂದಿದ್ದರೆ ವಿಶ್ವವಿದ್ಯಾಲಯಗಳು ಸಮಜಾಯಿಷಿ ಕೊಟ್ಟು ಸುಮ್ಮನಾಗುತ್ತಿದ್ದವು. ನಿಮಿಷಗಳ ಲೆಕ್ಕದಲ್ಲಿ ಹೇಳಿದ ಅಂಕಿಗೆ ಉತ್ತರ ಹೇಳುವುದು ಕಷ್ಟ. ಪ್ರಾಥಮಿಕ ಶಿಕ್ಷಕರಾಗುವ ಎಲ್ಲರಿಗೂ ಆರಂಭಿಕ ಓದಿನ ಎರಡು ಕೋರ್ಸುಗಳನ್ನು ರಾಜ್ಯ ಕಡ್ಡಾಯ ಮಾಡಿತು. ಇಷ್ಟಾದರೂ, ಹತ್ತು ವರ್ಷ ಕಳೆದ ಮೇಲೆ ಅದೇ ಸಂಸ್ಥೆ ಮತ್ತೆ ಹೋಗಿ ನೋಡಿದಾಗ ಕೋರ್ಸಿನ ಹೆಸರು ಇತ್ತು, ಒಳಗಿನ ಪಾಠ ಹಲವೆಡೆ ಹಳೆಯದೇ ಇತ್ತು. ಕಲಿಸಬೇಕಾದ ಪ್ರಾಧ್ಯಾಪಕರಿಗೇ ಆ ವಿಷಯ ಸರಿಯಾಗಿ ತಿಳಿದಿರಲಿಲ್ಲ. ಹಾಗಾಗಿ ಮುಂದಿನ ಸುತ್ತಿನಲ್ಲಿ ಪ್ರಾಧ್ಯಾಪಕರಿಗೂ ತರಬೇತಿ ಶುರುವಾಯಿತು. 2016ರಿಂದ ಹೊಸ ಶಿಕ್ಷಕರು ಪರವಾನಗಿ ಪಡೆಯಲು ಓದಿನ ಬೋಧನೆಯ ಪ್ರತ್ಯೇಕ ಪರೀಕ್ಷೆ ಪಾಸಾಗಬೇಕಾಯಿತು. ಆದೇಶ ಹೊರಟಿತು ಎಂದರೆ ಕೆಲಸ ಮುಗಿಯಿತು ಎಂದುಕೊಂಡು ಈ ಹತ್ತು ವರ್ಷ ಕಳೆದುಹೋಯಿತು ಎನ್ನುವುದೇ ಈ ಪ್ರಕರಣದ ದೊಡ್ಡ ನಷ್ಟ.

2013ರ ಅಧಿವೇಶನ: ಒಂದೇ ಸಲಕ್ಕೆ ಎರಡು ಮಸೂದೆ

2011ರ ಕೊನೆಯ ಚುನಾವಣೆಯಲ್ಲಿ ಮಿಸಿಸಿಪ್ಪಿಯ ಕೆಳಮನೆ ರಿಪಬ್ಲಿಕನ್ ಪಕ್ಷದ ಕೈಗೆ ಬಂತು. ಎರಡೂ ಮನೆ, ಗವರ್ನರ್ ಹುದ್ದೆ ಒಂದೇ ಪಕ್ಷದ್ದಾದವು. ಗವರ್ನರ್ ಫಿಲ್ ಬ್ರ್ಯಾಂಟ್ ಚಿಕ್ಕಂದಿನಲ್ಲಿ ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕಿನಿಂದಾಗಿ ಸ್ವತಃ ಮೂರನೇ ತರಗತಿಯನ್ನು ಎರಡು ಸಲ ಓದಿದವರು; ಅದನ್ನು ಅವರು ಸಾರ್ವಜನಿಕವಾಗಿಯೇ ಹೇಳಿಕೊಂಡಿದ್ದರು. ಮೇಲ್ಮನೆಯ ಶಿಕ್ಷಣ ಸಮಿತಿಗೆ ಗ್ರೇ ಟಾಲಿಸನ್ ಅಧ್ಯಕ್ಷರು. ಕಣ್ಣೆದುರಿಗಿದ್ದ ಮಾದರಿ 2002ರ ಫ್ಲೋರಿಡಾ ಕಾನೂನು: ಮೂರನೇ ತರಗತಿಯ ಕೊನೆಗೆ ಓದು ಬಾರದ ಮಗು ನಾಲ್ಕಕ್ಕೆ ಹೋಗುವಂತಿಲ್ಲ.

ಮೂರನೆಯದೇ ಏಕೆ? ಅಲ್ಲಿಯವರೆಗೆ ಮಗು ಓದುವುದನ್ನು ಕಲಿಯುತ್ತದೆ. ನಾಲ್ಕರಿಂದ ಓದಿನ ಮೂಲಕವೇ ವಿಜ್ಞಾನ, ಸಮಾಜ, ಗಣಿತದ ಲೆಕ್ಕದ ಮಾತು ಎಲ್ಲವನ್ನೂ ಕಲಿಯಬೇಕಾಗುತ್ತದೆ. ಆ ಹೊಸ್ತಿಲಲ್ಲಿ ತಡವಾದರೆ ಎಲ್ಲ ವಿಷಯಗಳಲ್ಲೂ ತಡ.

ಈ ಷರತ್ತಿನ ಬಗ್ಗೆ ಶಿಕ್ಷಕರಲ್ಲೂ ಪೋಷಕರಲ್ಲೂ ಆತಂಕವಿತ್ತು. ಅದು ನ್ಯಾಯವಾದ ಆತಂಕ. ಬಡವರ ಮಕ್ಕಳು, ಕಪ್ಪು ಸಮುದಾಯದ ಮಕ್ಕಳೇ ಹೆಚ್ಚು ಫೇಲಾಗುತ್ತಾರೆ. ಶಾಲೆ ಮಾಡಿದ ತಪ್ಪಿಗೆ ಮಗು ಶಿಕ್ಷೆ ಅನುಭವಿಸುತ್ತದೆ. ಇನ್ನೊಂದು ಕಡೆ, ದಕ್ಷಿಣದ ರಾಜ್ಯಗಳಲ್ಲಿ ನಾಲ್ಕು ವರ್ಷದ ಮಕ್ಕಳ ಕಲಿಕೆಗೆ ರಾಜ್ಯದ ಹಣ ಕೊಡದೆ ಉಳಿದದ್ದು ಮಿಸಿಸಿಪ್ಪಿ ಒಂದೇ. ಅದೇ ಅಧಿವೇಶನದಲ್ಲಿ ಎರಡಕ್ಕೂ ದಾರಿ ಸಿಕ್ಕಿತು. ಬ್ರ್ಯಾಂಟ್ 2013ರ ಏಪ್ರಿಲ್‌ನಲ್ಲಿ ಓದಿನ ಆಧಾರದ ತೇರ್ಗಡೆ ಕಾಯ್ದೆಗೆ ಸಹಿ ಹಾಕಿದರು. ಸೆನೆಟರ್ ಬ್ರೈಸ್ ವಿಗಿನ್ಸ್ ಮುಂದಾಳುತನದ ಪೂರ್ವ ಪ್ರಾಥಮಿಕ ಸಹಯೋಗ ಕಾಯ್ದೆಯೂ ಅದೇ ಅಧಿವೇಶನದಲ್ಲಿ ಪಾಸಾಯಿತು. ಕಟ್ಟುನಿಟ್ಟು ಬೇಕೆಂದವರಿಗೂ ಮಕ್ಕಳಿಗೆ ಬೇಗ ನೆರವು ಬೇಕೆಂದವರಿಗೂ ಆ ವರ್ಷ ಮನೆಗೆ ಒಯ್ಯಲು ಏನೋ ಇತ್ತು. ಎರಡರಲ್ಲಿ ಒಂದೇ ಬಂದಿದ್ದರೆ ಅದು ಹತ್ತು ವರ್ಷ ಬಾಳುತ್ತಿರಲಿಲ್ಲ ಎಂದು ನಮಗನಿಸುತ್ತದೆ.

ಸಹಯೋಗ ಕಾಯ್ದೆಯ ಲೆಕ್ಕಾಚಾರ ಜಾಣತನದ್ದು. ಮೊದಲ ವರ್ಷಕ್ಕೆ ಬರೀ 30 ಲಕ್ಷ ಡಾಲರ್, 11 ಸಹಯೋಗಗಳು. ಪೂರ್ಣ ದಿನದ ತರಗತಿಯ ಒಂದು ಮಗುವಿಗೆ ರಾಜ್ಯದ ಪಾಲು 2,150 ಡಾಲರ್. ಅಷ್ಟೇ ಮೊತ್ತವನ್ನು ಸ್ಥಳೀಯರು ಹೊಂದಿಸಬೇಕು, ಕೋಣೆ ಅಥವಾ ಸಾಮಗ್ರಿಯ ರೂಪದಲ್ಲಾದರೂ ಸರಿ. ದಾನ ಕೊಟ್ಟವರಿಗೆ ರಾಜ್ಯದ ತೆರಿಗೆಯಲ್ಲಿ ಕಡಿತ. ಶಾಲಾ ಜಿಲ್ಲೆ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ), ಬಡ ಕುಟುಂಬಗಳ ಚಿಕ್ಕ ಮಕ್ಕಳಿಗಾಗಿ ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುವ ಹೆಡ್ ಸ್ಟಾರ್ಟ್ ಕೇಂದ್ರ, ಖಾಸಗಿ ಶಿಶುಪಾಲನಾ ಕೇಂದ್ರ ಇವೆಲ್ಲ ಒಂದೇ ಅರ್ಜಿಯಲ್ಲಿ ಸೇರಿ ಬರಬೇಕು. ಬೇರೆ ಬೇರೆ ಇಲಾಖೆಗಳ ಕೆಳಗಿರುವ ಸಂಸ್ಥೆಗಳನ್ನು ಉಪದೇಶದಿಂದ ಒಗ್ಗೂಡಿಸಲು ಆಗದು. ಒಗ್ಗೂಡಿದರೆ ಮಾತ್ರ ಹಣ ಎಂದಾಗ ಒಗ್ಗೂಡುತ್ತವೆ. ಯೋಜನೆ ಚಿಕ್ಕದಿದ್ದರೂ ಗುಣಮಟ್ಟದ ರಾಷ್ಟ್ರೀಯ ಮಾನದಂಡಗಳು ಹತ್ತಕ್ಕೆ ಹತ್ತೂ ದಕ್ಕಿದವು. ಆಮೇಲೆ ವರ್ಷವರ್ಷವೂ ಹಣ ಹೆಚ್ಚಿಸಿ ಎಂದು ಕೇಳಲು ಅದೇ ಆಧಾರವಾಯಿತು.

ಕಾಯ್ದೆಯ ಒಳಗೆ ಏನಿತ್ತು

ಶಾಲೆ ತೆರೆದ ಮೊದಲ 30 ದಿನಗಳೊಳಗೆ ಕಿಂಡರ್‌ಗಾರ್ಟನ್‌ನಿಂದ ಮೂರನೇ ತರಗತಿಯವರೆಗಿನ ಪ್ರತಿ ಮಗುವಿಗೂ ಓದಿನ ತಪಾಸಣೆ ಆಗಬೇಕು. ವರ್ಷದ ನಡುವೆ ಮತ್ತು ಕೊನೆಯಲ್ಲಿ ಇನ್ನೊಮ್ಮೆ. ಕೊರತೆ ಕಂಡರೆ ಪೋಷಕರಿಗೆ ಕೂಡಲೇ ಲಿಖಿತವಾಗಿ ತಿಳಿಸಬೇಕು: ಮಗು ಎಲ್ಲಿ ಎಡವುತ್ತಿದೆ, ಶಾಲೆ ಏನು ಮಾಡುತ್ತದೆ, ಮನೆಯಲ್ಲಿ ಏನು ಮಾಡಬಹುದು, ಮೂರನೇ ತರಗತಿಯ ಕೊನೆಗೆ ಏನಾಗಬಹುದು. 2016ರ ತಿದ್ದುಪಡಿಯ ನಂತರ ಅಂಥ ಪ್ರತಿ ಮಗುವಿಗೂ ವೈಯಕ್ತಿಕ ಓದಿನ ಯೋಜನೆಯೂ ಕಡ್ಡಾಯ. ಮೂರನೇ ತರಗತಿಯ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಮುಂದಿನ ಶೈಕ್ಷಣಿಕ ವರ್ಷ ಶುರುವಾಗುವುದರೊಳಗೆ ಎರಡು ಮರುಪರೀಕ್ಷೆ. ಇಂಗ್ಲಿಷ್ ಕಲಿಯಲು ಶುರುಮಾಡಿ ಎರಡು ವರ್ಷ ತುಂಬದ ಮಕ್ಕಳಿಗೆ, ನಿರ್ದಿಷ್ಟ ಅಂಗವೈಕಲ್ಯವಿರುವವರಿಗೆ, ಹಿಂದೆಯೇ ಒಮ್ಮೆ ಉಳಿದು ತೀವ್ರ ನೆರವು ಪಡೆದವರಿಗೆ ವಿನಾಯಿತಿ. ಅದೇ ತರಗತಿಯಲ್ಲಿ ಉಳಿದ ಮಗುವಿಗೆ ದಿನಕ್ಕೆ ಕನಿಷ್ಠ 90 ನಿಮಿಷ ಓದಿನ ಬೋಧನೆ, ಅದೂ ಶಾಲೆಯ ಸಮರ್ಥ ಶಿಕ್ಷಕರಿಂದ. ಹಳೆಯ ಪಾಠವನ್ನೇ ಹಳೆಯ ರೀತಿಯಲ್ಲೇ ಇನ್ನೊಂದು ವರ್ಷ ಕೇಳಿಸುವುದು ಈ ಕಾನೂನಿನ ಉದ್ದೇಶವಾಗಿರಲಿಲ್ಲ.

ಹಣ: ಮೊದಲ ವರ್ಷ 95 ಲಕ್ಷ ಡಾಲರ್, ಅನಂತರ ವರ್ಷಕ್ಕೆ ಸುಮಾರು 1.5 ಕೋಟಿ. ಇದನ್ನು ಶಾಲೆಗಳ ಸಾಮಾನ್ಯ ಅನುದಾನದಲ್ಲಿ ಬೆರೆಸದೆ ಪ್ರತ್ಯೇಕ ಬಾಬ್ತಿನಲ್ಲಿ ಇಟ್ಟರು. ಇದೇ ರಾಜ್ಯದಲ್ಲಿ, 2015ರ ನವೆಂಬರ್‌ನಲ್ಲಿ, ಶಾಲೆಗಳಿಗೆ ಸೂತ್ರದಂತೆ ಪೂರ್ತಿ ಹಣ ಕೊಡಲೇಬೇಕು ಎಂಬ ಸಂವಿಧಾನ ತಿದ್ದುಪಡಿ, 42ನೇ ಉಪಕ್ರಮ, ಜನಮತದಲ್ಲಿ ಸೋತಿತು. ಆ ಬೇಡಿಕೆಯಲ್ಲಿ ನ್ಯಾಯವಿತ್ತು, ಮೊತ್ತವೂ ದೊಡ್ಡದಿತ್ತು. ಆದರೆ ಹಣ ಬಂದರೆ ಯಾವ ತರಗತಿಯಲ್ಲಿ ಏನು ಬದಲಾಗುತ್ತದೆ ಎಂಬುದು ಮತದಾರನ ಕಣ್ಣಿಗೆ ಕಟ್ಟುವಂತಿರಲಿಲ್ಲ. ಓದಿನ ಬಾಬ್ತಿನಲ್ಲಿ ಅದು ಸ್ಪಷ್ಟವಿತ್ತು: ಶಿಕ್ಷಕರಿಗೆ ತರಗತಿಯಲ್ಲೇ ಜೊತೆನಿಂತು ಕಲಿಸಿಕೊಡುವ ಕೋಚ್‌ಗಳು ಇಷ್ಟು, ಇಷ್ಟು ಶಿಕ್ಷಕರಿಗೆ ತರಬೇತಿ, ಇಷ್ಟು ತಪಾಸಣೆ.

ಜಾರಿಯಾಗುವಾಗ ಎಡವಿದ್ದೆಲ್ಲಿ

ಮೊದಲ ಅಡಚಣೆ ಜನ ಸಿಗದಿದ್ದದ್ದು. ದುರ್ಬಲ ಶಾಲೆಗಳಿಗೆ ಕಳಿಸಲು ಓದಿನ ಕೋಚ್‌ಗಳನ್ನು ಹುಡುಕಿದಾಗ ಅರ್ಜಿಗಳು ರಾಶಿ ಬಿದ್ದವು; ಆದರೆ ಓದನ್ನು ಹೇಗೆ ಕಲಿಸಬೇಕು ಎಂದು ನಿಜಕ್ಕೂ ತಿಳಿದವರು ತೀರಾ ಕಡಿಮೆ. ಮೊದಲ ವರ್ಷ 24 ಜನರನ್ನಷ್ಟೇ ತೆಗೆದುಕೊಂಡು ಸುಮಾರು 50 ಶಾಲೆಗಳಿಗೆ ಹಂಚಿದರು. ಹುದ್ದೆ ತುಂಬಬೇಕೆಂದು ಯಾರನ್ನಾದರೂ ಸೇರಿಸಿಕೊಂಡಿದ್ದರೆ ಯೋಜನೆ ಅಲ್ಲೇ ಕೆಡುತ್ತಿತ್ತು. 2013ರ ನವೆಂಬರ್‌ನಲ್ಲಿ ರಾಜ್ಯದ ಶಿಕ್ಷಣ ಮುಖ್ಯಸ್ಥೆಯಾಗಿ ಬಂದ ಕ್ಯಾರಿ ರೈಟ್, ಓದಿನ ನಿರ್ದೇಶಕಿ ಕಿಮಿಯೋನಾ ಬರ್ಕ್ ಈ ವಿಷಯದಲ್ಲಿ ಬಿಗಿಯಾಗಿದ್ದರು. ಕೋಚ್‌ಗಳಿಗೆ ಸಂಬಳ ಕೊಡುವುದು ರಾಜ್ಯ; ಹಾಗಾಗಿ ರಜೆ ಹಾಕಿದ ಶಿಕ್ಷಕರ ಜಾಗದಲ್ಲಿ ಅವರನ್ನು ನಿಲ್ಲಿಸಲು, ಕಡತದ ಕೆಲಸಕ್ಕೆ ಹಚ್ಚಲು ಸ್ಥಳೀಯರಿಗೆ ಅವಕಾಶ ಕಡಿಮೆ. ಅವರ ಕೆಲಸ ಪಾಠ ನೋಡುವುದು, ತಾವೇ ಪಾಠ ಮಾಡಿ ತೋರಿಸುವುದು, ಜೊತೆಗೆ ನಿಂತು ಮಾಡಿಸುವುದು, ಸಂಜೆ ಕುಳಿತು ತಪಾಸಣೆಯ ಅಂಕಿಗಳನ್ನು ಶಿಕ್ಷಕಿಯೊಂದಿಗೆ ಓದುವುದು.

ಶಿಕ್ಷಕರಿಗೆ ಕೊಟ್ಟದ್ದು ಲೂಯಿಸಾ ಮೋಟ್ಸ್ ರೂಪಿಸಿದ ಲೆಟರ್ಸ್ ಎಂಬ ತರಬೇತಿ. ಒಂದು ದಿನದ ಕಾರ್ಯಾಗಾರವಲ್ಲ. ತಿಂಗಳುಗಟ್ಟಲೆ ನಡೆಯುವ ಓದು, ಅಭ್ಯಾಸ, ಮುಖಾಮುಖಿ ತರಗತಿ. 2014ರ ವಸಂತದಿಂದ 2015ರ ಶರತ್ಕಾಲದ ನಡುವೆ ಶಿಕ್ಷಕರ ಜ್ಞಾನದ ಸರಾಸರಿ ನೂರು ಮೆಟ್ಟಿಲಿನ ಪರ್ಸೆಂಟೈಲ್ ಅಳತೆಯಲ್ಲಿ 48ರಿಂದ 59ಕ್ಕೆ ಏರಿತು ಎಂದು ಸಂಶೋಧಕರು ಅಳೆದರು. ಕೋಚ್‌ಗಳಿದ್ದ ಶಾಲೆಗಳಲ್ಲಿ ಪಾಠದ ಗುಣಮಟ್ಟ 31ರಿಂದ 58ಕ್ಕೆ ಹೋಯಿತು. ತಿಳಿವಳಿಕೆ ಏರಿದ್ದಕ್ಕಿಂತ ಪಾಠ ಹೆಚ್ಚು ಸುಧಾರಿಸಿದ್ದನ್ನು ನೋಡಿ: ತಿಳಿದದ್ದನ್ನು ತರಗತಿಯಲ್ಲಿ ಮಾಡಿಸುವವರು ಪಕ್ಕದಲ್ಲಿದ್ದರು.

ಎರಡನೇ ಅಡಚಣೆ ಪರೀಕ್ಷೆಯ ಮಟ್ಟ. 2015ರ ವಸಂತದಲ್ಲಿ ಮೊದಲ ಸಲ ಸುಮಾರು 38,000 ಮಕ್ಕಳು ಬರೆದರು, ಶೇ. 85ರಷ್ಟು ಮೊದಲ ಯತ್ನದಲ್ಲೇ ಪಾಸು. ಆಗ ಪಾಸಿನ ಗೆರೆಯನ್ನು ಬೇಕೆಂದೇ ಕೆಳಗಿಟ್ಟಿದ್ದರು. 2018-19ರಲ್ಲಿ ಗೆರೆಯನ್ನು ಒಂದು ಮೆಟ್ಟಿಲು ಏರಿಸಿದಾಗ ಮೊದಲ ಯತ್ನದ ಪಾಸು ಶೇ. 75ರ ಆಸುಪಾಸಿಗೆ ಇಳಿಯಿತು. ಏರಿಸುವುದನ್ನು 2016ರಲ್ಲೇ ಕಾನೂನಿನಲ್ಲಿ ಬರೆದು, ನಡುವೆ ತಯಾರಿಗೆ ಸಮಯ ಕೊಟ್ಟಿದ್ದರಿಂದ ಗದ್ದಲ ತಡೆದುಕೊಳ್ಳುವಷ್ಟರಲ್ಲೇ ಮುಗಿಯಿತು. ಕೋವಿಡ್ ಕಾಲದಲ್ಲಿ ಪರೀಕ್ಷೆಯ ಷರತ್ತನ್ನು ಸಡಿಲಿಸಿದರು. ತಪಾಸಣೆಯನ್ನೂ ಕೋಚ್‌ಗಳನ್ನೂ ಬಿಡಲಿಲ್ಲ.

2014ರಲ್ಲಿ ಶುರುವಾದ ಕಿಂಡರ್‌ಗಾರ್ಟನ್ ಪ್ರವೇಶದ ತಪಾಸಣೆ ಇನ್ನೊಂದು ಸತ್ಯ ಹೊರಗೆ ಹಾಕಿತು: ಶಾಲೆಗೆ ಬರುವ ಮೂರರಲ್ಲಿ ಎರಡು ಪಾಲಿನಷ್ಟು ಮಕ್ಕಳು ನಿಗದಿತ ಸಿದ್ಧತೆಯ ಗೆರೆಗಿಂತ ಕೆಳಗೆ. ಪೂರ್ವ ಪ್ರಾಥಮಿಕಕ್ಕೆ ಹಣ ಕೇಳುವವರಿಗೆ ಇದು ವರ್ಷವರ್ಷವೂ ಸರ್ಕಾರವೇ ಕೊಡುವ ಪುರಾವೆಯಾಯಿತು.

ಅಂಕಿಗಳ ಜಗಳ

ಆಕ್ಷೇಪ ಸರಳವಾಗಿದೆ: ದುರ್ಬಲ ಮಕ್ಕಳನ್ನು ಮೂರರಲ್ಲೇ ತಡೆದರೆ ನಾಲ್ಕರ ಸರಾಸರಿ ತಾನಾಗಿ ಏರುತ್ತದೆ. ಒಂದು ವರ್ಷದ ಮಟ್ಟಿಗೆ ಇದು ನಿಜ. ಆದರೆ ತಡೆದ ಮಗು ಮರುವರ್ಷ ನಾಲ್ಕಕ್ಕೆ ಬರುತ್ತದೆ, ಅದರ ಅಂಕವೂ ಸೇರುತ್ತದೆ. ಒಂದು ವರ್ಷ ದೊಡ್ಡದಾಗಿ ಬರುತ್ತದೆ ಎಂಬುದನ್ನು ಒಪ್ಪಬೇಕು; ಏರಿಕೆಯ ಒಂದು ಪಾಲು ಆ ಹೆಚ್ಚುವರಿ ವರ್ಷದ ಕಲಿಕೆಯದ್ದೇ ಇರಬಹುದು. 2015ರಲ್ಲಿ ಪಾಸಿನ ಗೆರೆಗೆ ಕೂದಲೆಳೆಯಷ್ಟು ಕೆಳಗೆ ಉಳಿದ ಮಕ್ಕಳನ್ನು ಕೂದಲೆಳೆಯಷ್ಟು ಮೇಲೆ ದಾಟಿದವರೊಂದಿಗೆ ಹೋಲಿಸಿದ ಅಧ್ಯಯನದಲ್ಲಿ, ಉಳಿದವರು ಆರನೇ ತರಗತಿಗೆ ಬಂದಾಗ ಓದಿನಲ್ಲಿ ಗಣನೀಯವಾಗಿ ಮುಂದಿದ್ದರು. ಮಕ್ಕಳ ಬಡತನ, ಭಾಷೆ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡು ಅರ್ಬನ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ ಮಾಡಿದ ಹೋಲಿಕೆಯಲ್ಲಿ 2024ರ ನಾಲ್ಕನೇ ತರಗತಿ ಓದಿನಲ್ಲಿ ಮಿಸಿಸಿಪ್ಪಿಗೇ ಮೊದಲ ಸ್ಥಾನ.

ನಿಜವಾಗಿ ಕಾಡಬೇಕಾದ ಅಂಕಿ ಬೇರೆ ಇದೆ. ಎಂಟನೇ ತರಗತಿಯ ಓದು 2013ರಲ್ಲಿ 253, 2024ರಲ್ಲೂ 253. ಈ ನಡುವೆ ದೇಶದ ಸರಾಸರಿ 266ರಿಂದ 257ಕ್ಕೆ ಕುಸಿದಿದ್ದರಿಂದ ಅಂತರ ಕಡಿಮೆಯಾದಂತೆ ಕಾಣುತ್ತದೆ. ಮಕ್ಕಳು ಮುಂದೆ ಸಾಗಿಲ್ಲ. ಕೋಚ್, ತಪಾಸಣೆ, ವೈಯಕ್ತಿಕ ಯೋಜನೆ ಎಲ್ಲವೂ ಮೂರಕ್ಕೇ ನಿಲ್ಲುವಂತೆ ಕಾನೂನು ಬರೆದದ್ದರ ಫಲವಿದು.

ಕನ್ನಡದ ತರಗತಿಗೆ ಇದರಿಂದ ಏನು ತರಬಹುದು

ಫೇಲು ಮಾಡುವ ಷರತ್ತನ್ನು ತರಲಾಗದು, ತರಬಾರದು ಕೂಡ. ನಮ್ಮ ಶಿಕ್ಷಣ ಹಕ್ಕು ಕಾಯ್ದೆಯ 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಯಲ್ಲಷ್ಟೇ ತಡೆಹಿಡಿಯಲು ಅವಕಾಶ ಕೊಡುತ್ತದೆ. ಇಂಗ್ಲಿಷಿನ ತಪಾಸಣೆಯ ಗೆರೆಗಳನ್ನೂ ತರಲಾಗದು. ಇಂಗ್ಲಿಷಿನ ಮಗು 26 ಅಕ್ಷರ ಬೇಗ ಕಲಿತು, ಅವುಗಳ ತಿಕ್ಕಲು ಕಾಗುಣಿತದೊಂದಿಗೆ ವರ್ಷಗಟ್ಟಲೆ ಹೆಣಗುತ್ತದೆ. ಕನ್ನಡದ ಮಗುವಿಗೆ ಬರೆದಂತೆಯೇ ಓದುವ ಅನುಕೂಲವಿದೆ, ಆದರೆ ಕಲಿಯಬೇಕಾದ ಅಕ್ಷರರೂಪಗಳು ನೂರಾರು. ಬೆಂಗಳೂರಿನಲ್ಲಿ ಸೊನಾಲಿ ನಾಗ್ ನಡೆಸಿದ ಅಧ್ಯಯನಗಳು ತೋರಿಸಿದಂತೆ ಗುಣಿತಾಕ್ಷರ, ಒತ್ತಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ಕೇಂದ್ರ ಸರ್ಕಾರದ 2021ರ ನಿಪುಣ್ ಭಾರತ್ ಯೋಜನೆಯ ಓದಿನ ಗುರಿಯೂ ಮೂರನೇ ತರಗತಿಯ ಮೇಲೆಯೇ ನಿಂತಿದೆ. ಹಾಗಿರುವಾಗ ಒಂದನೇ ತರಗತಿಯ ಕೊನೆಗೆ ಎಷ್ಟು ಗುಣಿತ, ಎರಡರ ಕೊನೆಗೆ ಯಾವ ಒತ್ತಕ್ಷರ ಎಂಬ ಗೆರೆಗಳನ್ನು ಕನ್ನಡದ ಮಕ್ಕಳನ್ನು ಅಳೆದೇ ಹಾಕಬೇಕು.

ತರಬಹುದಾದದ್ದು ಬೇಡಿಕೆಯ ಪತ್ರ ಬರೆಯುವ ಬಗೆ. ಕರ್ನಾಟಕದಲ್ಲಿ ಕೋಚ್‌ಗೆ ಹತ್ತಿರದ ಹುದ್ದೆ ಈಗಾಗಲೇ ಇದೆ: ಸಮೂಹ ಸಂಪನ್ಮೂಲ ವ್ಯಕ್ತಿ, ಸಿಆರ್‌ಪಿ. ಅವರ ದಿನ ಮಾಹಿತಿ ಕಲೆಹಾಕುವುದರಲ್ಲಿ, ಸಭೆಗಳಲ್ಲಿ ಕಳೆಯುತ್ತದೆ. "ಓದಿನ ಗುಣಮಟ್ಟ ಸುಧಾರಿಸಿ" ಎಂಬ ಮನವಿಗಿಂತ, ವಾರಕ್ಕೆ ಮೂರು ದಿನ ಸಿಆರ್‌ಪಿ ನಲಿ-ಕಲಿ ಕೋಣೆಯಲ್ಲೇ ಇರಬೇಕು, ಆ ದಿನಗಳಲ್ಲಿ ಬೇರೆ ಕೆಲಸ ಹಚ್ಚುವಂತಿಲ್ಲ ಎಂಬ ಒಂದು ಆದೇಶವನ್ನು ಕೇಳುವುದು ಮೇಲು. ಮೂರರಿಂದ ಆರು ವರ್ಷದ ಮಗು ಅಂಗನವಾಡಿಯಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದ್ದು, ಒಂದನೇ ತರಗತಿಗೆ ಬಂದ ಕೂಡಲೇ ಶಾಲಾ ಶಿಕ್ಷಣ ಇಲಾಖೆಯದ್ದು. ಒಂದರ ದಾಖಲೆ ಇನ್ನೊಂದರ ಮೇಜಿಗೆ ಬರುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಯೂ ಒಂದನೇ ತರಗತಿಯ ಶಿಕ್ಷಕಿಯೂ ಸೇರಿ ಸಹಿ ಹಾಕಿದರೆ ಮಾತ್ರ ಬಿಡುಗಡೆಯಾಗುವ ಒಂದು ಸಣ್ಣ ಅನುದಾನ, ಅದಕ್ಕೆ ಬಜೆಟ್ಟಿನಲ್ಲಿ ತನ್ನದೇ ಲೆಕ್ಕಶೀರ್ಷಿಕೆ, ಮೊದಲ ವರ್ಷಕ್ಕೆ ಒಂದೆರಡು ತಾಲ್ಲೂಕು. ಪತ್ರದಲ್ಲಿ ಇಷ್ಟು ಬರೆದು, ಜೊತೆಗೆ ನಮ್ಮ ಡಿ.ಎಲ್.ಎಡ್. (ಹಿಂದಿನ ಡಿ.ಎಡ್.) ಪಠ್ಯದಲ್ಲಿ ಗುಣಿತ-ಒತ್ತಕ್ಷರ ಕಲಿಸುವ ಬಗೆಗೆ ಎಷ್ಟು ಗಂಟೆ ಮೀಸಲಿದೆ ಎಂದು ಎಣಿಸಿದ ಒಂದು ಪುಟವನ್ನು ಲಗತ್ತಿಸಬೇಕು.